ಬಲೆಯೊಳಗೆ ಚರಗ ಚೆಲ್ಲಿದ ಹುಡುಗಿ

ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದೆ. ಕೈತುಂಬ ಹಿಟ್ಟು. ಫೋನು ಬಡಿದುಕೊಂಡಾಗ ಕಿರುಬೆರಳಿನಿಂದ ಒತ್ತಿದೆ. ಪರದೆಯಲ್ಲಿ ಮುಖವಿಲ್ಲ. ಬಗ್ಗಿ ಏನನ್ನೋ ನೋಡುತ್ತಿದ್ದವಳ ತುರುಬು, ತುರುಬಿಗೆ ಅಡ್ಡಲಾಗಿ ಸಿಕ್ಕಿಸಿದ ಉಕ್ಕಿನ ಚಿಮುಟ, ಅಷ್ಟೇ ಕಂಡಿದ್ದು. ಬೇರೆ ಹುಡುಗಿಯರು ಕ್ಲಿಪ್ಪು ಹಾಕುವ ಜಾಗದಲ್ಲಿ ಇವಳದು ಯಾವಾಗಲೂ ಚಿಮುಟವೇ. ಆಮೇಲೆ ತಲೆ ಎತ್ತಿದಳು. ಮೂಗಿನ ತುದಿಗೆ ಮಣ್ಣು.

"ಅಮ್ಮಾರ, ಬಂತ್ರಿ. ನೇರಳೆ ಬಂತು."

ಹಿಟ್ಟಿನ ಕೈಯನ್ನೇ ಜೋಡಿಸಿ ಆಕಾಶ ನೋಡಿದೆ. ಎರಡು ಹನಿ ಹಿಟ್ಟು ಕನ್ನಡಕದ ಮೇಲೆ ಬಿತ್ತು. ಬೀಳಲಿ.

ಮತ್ತಿಕೆರೆಯ ನಮ್ಮ ಮನೆಯ ತಾರಸಿ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗಿ ಅವಳು. ಕೊಪ್ಪಳದ ಕಡೆಯವಳು. ಈಗ ಚೀನಾದಲ್ಲಿ ನವಣೆಯ ಮೇಲೆ ಸಂಶೋಧನೆ ಮಾಡುತ್ತಾಳೆ. ಅವರೂರಿನ ಹಸಿರು ಕಾಂಡದ ನವಣೆಗೂ ಅಲ್ಲಿಯ ನೇರಳೆ ಕಾಂಡದ ನವಣೆಗೂ ಸಂಬಂಧ ಕೂಡಿಸುವುದು ಅವಳ ಕೆಲಸ. ಸಂಬಂಧ ಕೂಡಿದ್ದು ನಿಜವಾದರೆ ಹುಟ್ಟುವ ಸಸಿಯ ಬುಡ ನೇರಳೆ ಬಣ್ಣಕ್ಕಿರುತ್ತದಂತೆ. ಹಸಿರಾಗಿಯೇ ಇದ್ದರೆ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ. ಈ ಸಲ ನೇರಳೆ ಕಾಣದಿದ್ದರೆ ಅವಳ ವಿದ್ಯಾರ್ಥಿವೇತನ ನಿಂತು, ಪೆಟ್ಟಿಗೆ ಕಟ್ಟಿಕೊಂಡು ಬಂದುಬಿಡಬೇಕಿತ್ತು. ಜನವರಿಯಿಂದ ನನ್ನ ದೇವರಿಗೂ ನನಗೂ ನಡುವೆ ಇದೊಂದೇ ಮಾತು.

ಚೀನಾಕ್ಕೆ ಹೊರಟಾಗ ನಮ್ಮ ಯಜಮಾನರು ಅವಳನ್ನು ಕಾಡಿದ್ದೇ ಕಾಡಿದ್ದು. ನವಣೆ ಬೆಳೆಯಲು ಅಷ್ಟು ದೂರ ಯಾಕಮ್ಮ, ಬಾಗಲೂರಿನಲ್ಲಿ ನನ್ನ ಸ್ನೇಹಿತನ ಜಾಗ ಖಾಲಿ ಬಿದ್ದಿದೆ, ಅಲ್ಲೇ ಬಿತ್ತು ಅನ್ನುತ್ತಿದ್ದರು. ಅವಳು ನಗದೆ ಉತ್ತರ ಕೊಡುತ್ತಿದ್ದಳು: "ಗಂಡಿನ ಮನಿ ಅಲ್ಲೇ ಐತ್ರಿ ಅಂಕಲ್. ಬೀಗರ ಮನಿಗೆ ನಾವ ಹೋಗಬೇಕಲ್ರಿ."

ಹೋದ ಮೇಲೂ ಮರೆಯಲಿಲ್ಲ. ಮೊದಲು ಅವರ ಅವ್ವನಿಗೆ ಫೋನು, ಆಮೇಲೆ ನನಗೆ. ಮನೆ ಬಿಟ್ಟು ಹೆಚ್ಚು ತಿರುಗದ ನಾನು ಇಲ್ಲೇ ಅಡುಗೆಮನೆಯ ಕಟ್ಟೆಗೆ ಫೋನು ಒರಗಿಸಿಕೊಂಡು ಚೀನಾ ನೋಡಿದ್ದೇನೆ. ಹಾಸ್ಟೆಲಿನ ಕಾರಿಡಾರಿನಲ್ಲಿ ಸಾಲಾಗಿ ಬಿಸಿನೀರಿನ ಫ್ಲಾಸ್ಕುಗಳು. ಅಲ್ಲಿ ತಣ್ಣೀರು ಕುಡಿದರೆ ಗೆಳತಿಯರು ಗದರುತ್ತಾರಂತೆ, ಥೇಟ್ ನಮ್ಮತ್ತೆಯ ಹಾಗೆ. ಮಧ್ಯಾಹ್ನ ಊಟವಾದ ಕೂಡಲೇ ದೀಪ ಆರಿಸಿ ಎಲ್ಲರೂ ಮಲಗುತ್ತಾರೆ. ಪ್ರಯೋಗಾಲಯದ ಮೇಜಿನ ಮೇಲೆ ತಲೆಯಿಟ್ಟವರು ಕೆಲವರು, ಮಡಚುವ ಮಂಚ ಬಿಡಿಸಿಕೊಂಡವರು ಕೆಲವರು. ಇವಳೊಬ್ಬಳು ಮೊದಮೊದಲು ಕಣ್ಣು ಬಿಟ್ಟುಕೊಂಡು ಕೂತಿದ್ದಳು. ಆಮೇಲೆ ಇವಳದೂ ಒಂದು ಮಂಚವಾಯಿತು.

ಊಟದ್ದೇ ನನಗೆ ಯೋಚನೆಯಾಗಿತ್ತು. ಮಾಂಸ ಬೇಡ ಅಂದರೆ ಕ್ಯಾಂಟೀನಿನ ಹೆಂಗಸು ಪಾಪ, ತುಂಡುಗಳನ್ನು ಆರಿಸಿ ತೆಗೆದು ಅದೇ ಪಲ್ಯವನ್ನೇ ಪ್ರೀತಿಯಿಂದ ಬಡಿಸುತ್ತಿದ್ದಳಂತೆ. ಆದರೆ ಮೊದಲ ದಿನದ ಬೆಳಗಿನ ತಿಂಡಿಗೆ ಹೋದರೆ ದೊಡ್ಡ ಹಂಡೆಯಲ್ಲಿ ಹಳದಿ ಗಂಜಿ ಕುದಿಯುತ್ತಿದೆ. ಏನು ಅಂತ ಬಗ್ಗಿ ನೋಡಿದರೆ ನವಣೆ. ಬಾಣಂತಿಯರಿಗೂ ಅಲ್ಲಿ ಅದನ್ನೇ ಕೊಡುತ್ತಾರಂತೆ. ಹೋದ ಊರಿನಲ್ಲಿ ಅನ್ನ ಮೊದಲೇ ಹೋಗಿ ಕಾದಿತ್ತು ಅಂತ ನಾನು ಫೋನನ್ನೇ ಕಣ್ಣಿಗೊತ್ತಿಕೊಂಡೆ.

ಅವಳ ಕೆಲಸ ಹೇಳಿದರೆ ಬೆನ್ನು ನೋಯುತ್ತದೆ. ನವಣೆಯ ಹೂವು ಗಸಗಸೆಯಷ್ಟು. ಬೆಳಕು ಹರಿಯುವ ಮುಂಚೆ ಅರಳುತ್ತದೆ. ಅಷ್ಟರಲ್ಲಿ ಹಣೆಗೆ ದೀಪ ಕಟ್ಟಿಕೊಂಡು, ಉಸಿರು ಹಿಡಿದು, ಚಿಮುಟದಿಂದ ಹೂವಿನ ಗಂಡುಭಾಗವನ್ನಷ್ಟೇ ಕಿತ್ತು, ಇನ್ನೊಂದು ಗಿಡದ ಪರಾಗದ ಪುಡಿ ತಂದು ಸೋಕಿಸಬೇಕು. ಆಮೇಲೆ ತೆನೆಗೆ ಕಾಗದದ ಚೀಲ ಕಟ್ಟಬೇಕು. ಸಾಸಿವೆಯಲ್ಲಿ ಕಲ್ಲು ಆರಿಸುವುದಕ್ಕೇ ನಾನು ಗೊಣಗುವವಳು. ಅವಳು ಗೊಣಗಿದ್ದು ಕೇಳಿಲ್ಲ.

ಗೊಣಗದ ಗುಣ ಅವಳಲ್ಲಿ ಮೊದಲಿನಿಂದಲೂ ಇತ್ತು. ಒಂದು ಮಳೆಗಾಲ ನನಗೆ ಡೆಂಗೆ ಬಂದು ಆಸ್ಪತ್ರೆ ಸೇರಿದೆ. ಯಜಮಾನರು ನನ್ನ ಜೊತೆ ಅಲ್ಲೇ. ದಿನವೂ ಬೆಳಿಗ್ಗೆ ಸಂಜೆ ಆ ಹುಡುಗಿ ಸ್ನಾನ ಮಾಡಿ, ಕೆಳಗಿಳಿದು ಬಂದು, ನನ್ನ ದೇವರ ಮನೆಯ ದೀಪಕ್ಕೆ ಎಣ್ಣೆ ಹಾಕಿದಳು. ನಾನು ಕೇಳಿಯೇ ಇರಲಿಲ್ಲ. ಮನೆಗೆ ಬಂದಾಗ ನಂದಾದೀಪ ಉರಿಯುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಆರದ ದೀಪ. ಅದರ ಋಣ ನನ್ನ ಮೇಲಿದೆ, ಇದ್ದೇ ಇರುತ್ತದೆ.

ಇನ್ನು ಚರಗದ ಕಥೆ. ಅವರ ಕಡೆ ಎಳ್ಳ ಅಮಾವಾಸ್ಯೆಗೆ ಭೂಮಿತಾಯಿ ತುಂಬು ಬಸುರಿ ಎಂದು ಲೆಕ್ಕ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಕಡುಬು, ಅನ್ನ, ಪಲ್ಯ ಕಲಸಿ ಬೆಳೆಯ ನಡುವೆ ಚೆಲ್ಲುತ್ತಾರೆ. ಅದೇ ಚರಗ. ಇಲ್ಲಿದ್ದಾಗಲೂ ಪೇಂಟ್ ಡಬ್ಬಿಗಳಲ್ಲಿ ನವಣೆ ಬೆಳೆದು ತಾರಸಿಯ ಮೇಲೆ ಚರಗ ಚೆಲ್ಲಿದ್ದಳು. ಮತ್ತಿಕೆರೆಯ ಪಾರಿವಾಳಗಳೆಲ್ಲ ಬಂದು ನನ್ನ ಬಟ್ಟೆಯನ್ನು ಮತ್ತೆ ಒಗೆಯುವ ಹಾಗೆ ಮಾಡಿದವು. ನಾನು ಬೈದರೆ, ಹಕ್ಕಿ ಉಂಡರೇ ಅದು ತಾಯಿಗೆ ಮುಟ್ಟಿದ ಹಾಗೆ, ಅವ್ವ ಹೇಳಿಕೊಟ್ಟಿದ್ದು ಹಾಗೇ ಅಂದಳು.

ಚಳಿಗಾಲದಲ್ಲಿ ಚೀನಾದ ಉತ್ತರದಲ್ಲಿ ಏನೂ ಬೆಳೆಯುವುದಿಲ್ಲ. ಅದಕ್ಕೆ ಬೀಜದ ಕೆಲಸದವರೆಲ್ಲ ದಕ್ಷಿಣದ ಒಂದು ದ್ವೀಪಕ್ಕೆ ಗುಳೆ ಹೋಗಿ ಅಲ್ಲಿ ಬಿತ್ತುತ್ತಾರೆ. ಇವಳೂ ಹೋದಳು. ತೆನೆ ಕಾಳು ಕಟ್ಟುವ ಹೊತ್ತಿಗೆ ಸರಿಯಾಗಿ ಎಳ್ಳ ಅಮಾವಾಸ್ಯೆ ಬಂತು. ಕಾಳು ಕಟ್ಟಿದ ತೆನೆಗಳ ಚೀಲ ತೆಗೆದು, ಹೊಲಕ್ಕೆಲ್ಲ ಗುಬ್ಬಿ ನುಗ್ಗದಂತೆ ಬಲೆ ಹೊದಿಸಿದ್ದರು. ಬಸುರಿ ಭೂಮಿ, ನಿಂತ ಬೆಳೆ, ಇವಳಿಗೆ ಸುಮ್ಮನಿರಲು ಆಗಲಿಲ್ಲ. ರೈಸ್ ಕುಕ್ಕರಿನಲ್ಲಿ ಕಡುಬು ಬೇಯಿಸಿ, ಬಲೆಯೊಳಗೆ ಹೋಗಿ ಚೆಲ್ಲಿದಳು. ಹಕ್ಕಿ ಉಣ್ಣಬೇಕಲ್ಲ, ಅದಕ್ಕೆ ಬಲೆಯ ಒಂದು ಮೂಲೆ ಎತ್ತಿ ಕಟ್ಟಿದಳು. ಒಂದು ಗಳಿಗೆ ಬಿಟ್ಟು ಇಳಿಸಿದರಾಯಿತು ಅಂದುಕೊಂಡು ಊಟಕ್ಕೆ ಹೋದಳು. ಊಟದ ಮೇಲೆ ಎಲ್ಲರ ಜೊತೆ ಇವಳಿಗೂ ನಿದ್ದೆ.

ಎದ್ದು ಬರುವಷ್ಟರಲ್ಲಿ ದ್ವೀಪದ ಗುಬ್ಬಿಯೆಲ್ಲ ಬಲೆಯೊಳಗೆ. ಕಡುಬನ್ನು ಮೂಸಿಯೂ ನೋಡಿರಲಿಲ್ಲ. ತೆನೆಗಳು ಬೋಳು.

ಫೋನಿನಲ್ಲಿ ಅವಳು ಅಳುತ್ತಲೇ ಇದೆಲ್ಲ ಹೇಳಿದಳು. ಅಲ್ಲಿಯ ಸಂಶೋಧನೆಯ ಗುರುಗಳಿಗೆ ಇನ್ನೂ ಹೇಳಿರಲಿಲ್ಲ. ಅವರು ವಯಸ್ಸಾದ ಹೆಂಗಸು, ಮಾತು ಕಡಿಮೆ, ಕೆಲಸದಲ್ಲಿ ಖಡಕ್. ಯಜಮಾನರು ನನ್ನ ಭುಜದ ಹಿಂದಿನಿಂದ ಬಗ್ಗಿ, "ಗಾಳಿಗೆ ಬಲೆ ಹಾರ್ಹೋಯ್ತು ಅಂದ್ಬಿಡಮ್ಮ. ಚೀನಾದಲ್ಲೇನು ಗಾಳಿ ಬೀಸಲ್ವಾ?" ಅಂದರು.

"ತಾಯಿಗೆ ಉಣಿಸಾಕ ಹೋಗಿ ಗಾಳಿ ಮ್ಯಾಲೆ ಹಾಕ್ಲೇನ್ರಿ ಅಂಕಲ್?" ಅಂದಳು ಮೂಗು ಒರೆಸಿಕೊಳ್ಳುತ್ತ.

ನನಗೆ ಬುದ್ಧಿಮಾತು ಬರುವುದಿಲ್ಲ. ರಾತ್ರಿ ಊಟ ಮಾಡಿದ್ಯಾ ಅಂತ ಕೇಳಿದೆ. ಇಲ್ಲ ಅಂದಳು. "ಮೊದ್ಲು ಉಂಡು ಹೋಗಿ ಹೇಳು. ಹಸ್ಕೊಂಡು ಬೈಸ್ಕೋಬೇಡ" ಅಂದೆ. ಫೋನಿಟ್ಟು ಗಣಪನ ಮುಂದೆ ಕೂತೆ. ನಂದಾದೀಪಕ್ಕೆ ಎಣ್ಣೆ ತುಂಬಿದೆ.

ಮರುದಿನ ಅವಳೇ ನಡೆದದ್ದು ಹೇಳಿದಳು. ಚರಗಕ್ಕೆ ಅವರ ಭಾಷೆಯಲ್ಲಿ ಮಾತು ಸಿಗದೆ, ಭೂಮಿ ಬಸುರಿ, ಬಸುರಿಗೆ ಉಣಿಸಬೇಕು, ನಾನೇ ಬಲೆ ಎತ್ತಿದೆ ಅಂತ ಮೂರು ತುಂಡು ಮಾಡಿ ಹೇಳಿದಳಂತೆ. ಗುರುಗಳು ಹೊಲವನ್ನೆಲ್ಲ ಸುತ್ತಿದರು. ಒಣಗಿದ ಕಡುಬನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ತಮ್ಮ ಅಜ್ಜಿಯೂ ಹೊಸ ಕಾಳಿನ ಮೊದಲ ಗಂಜಿಯನ್ನು ಭೂಮಿದೇವರ ಮುಂದೆ ಇಟ್ಟೇ ಮಕ್ಕಳಿಗೆ ಬಡಿಸುತ್ತಿದ್ದಳು ಅಂದರು. ಹೊರಡುವಾಗ ತಿರುಗಿ ನಿಂತು, "ಮುಂದಿನ ವರ್ಷ ಬಲೆಯ ಹೊರಗೆ ಚೆಲ್ಲು" ಅಂದರಂತೆ.

ಬೈಗುಳವೂ ಅದೇ, ಕ್ಷಮೆಯೂ ಅದೇ. ಆದರೆ ಮುಂದಿನ ವರ್ಷ ಇರಬೇಕಾದರೆ ಬೀಜ ಬೇಕಲ್ಲ. ತಡವಾಗಿ ಹೂ ಬಿಟ್ಟ ನಾಲ್ಕಾರು ತೆನೆಗಳಿಗೆ ಮಾತ್ರ ಕಾಗದದ ಚೀಲ ಇನ್ನೂ ಇತ್ತು, ಅವಕ್ಕೆ ಗುಬ್ಬಿಯ ಕೊಕ್ಕು ಮುಟ್ಟಿರಲಿಲ್ಲ. ಅದರಲ್ಲಿ ಸಿಕ್ಕಿದ್ದು ಅಂಗೈ ತುಂಬದಷ್ಟು ಕಾಳು. ಅದನ್ನೇ ಉತ್ತರಕ್ಕೆ ಕೊಂಡುಹೋಗಿ, ಚಳಿ ಕಳೆಯುವವರೆಗೆ ಕಾದು, ಟ್ರೇಗಳಲ್ಲಿ ಬಿತ್ತಿದ್ದಳು.

ಆ ಟ್ರೇಗಳನ್ನೇ ಈಗ ನನಗೆ ತೋರಿಸುತ್ತಿದ್ದಳು. ಮೊದಲ ಟ್ರೇ ಬರೀ ಹಸಿರು. ಎರಡನೆಯದೂ ಹಸಿರು. ಬಂತು ಅಂತ ಅವಳು ಆಗಲೇ ಹೇಳಿದ್ದರೂ ಕಣ್ಣಿಗೆ ಕಾಣಬೇಕಲ್ಲ. ಮೂರನೆಯದರಲ್ಲಿ, ಅಂಚಿನ ಒಂದು ಸಾಲಿನಲ್ಲಿ, ನೂಲಿನಂಥ ಸಸಿಗಳ ಬುಡಕ್ಕೆ ಯಾರೋ ಕುಂಕುಮದ ಜೊತೆ ನೀಲಿ ಕಲಸಿ ಹಚ್ಚಿದ ಹಾಗೆ. ಅವಳ ಹಿಂದೆ ಯಾರೋ ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ಗುರುಗಳು ಬಂದು ಇಣುಕಿ, ನನ್ನನ್ನು ನೋಡಿ ತಲೆಯಾಡಿಸಿದರು. ನಾನೂ ಹಿಟ್ಟಿನ ಕೈಯಲ್ಲೇ ನಮಸ್ಕಾರ ಮಾಡಿದೆ. ಅವರಿಗೆ ಕನ್ನಡ ಬರುವುದಿಲ್ಲ, ನನಗೆ ಅವರ ಮಾತು ಬರುವುದಿಲ್ಲ. ಇಬ್ಬರೂ ನಕ್ಕೆವು.

ಇನ್ನು ಪದವಿ ಮುಗಿಯುವವರೆಗೂ ಅಲ್ಲೇ ಅಂದಳು. ವರ್ಷಗಳೇ ಹಿಡಿಯುತ್ತವಂತೆ.

ನೇರಳೆ ಬರಲಿ ಅಂತ ಬೇಡಿದವಳು ನಾನೇ. ಬಂದರೆ ಅವಳು ಬರುವುದಿಲ್ಲ ಅನ್ನುವುದೂ ಗೊತ್ತಿತ್ತು. ನೇರಳೆ ಬರದೆ ಅವಳು ವಾಪಸು ಬಂದರೆ ಇರಲಿ ಅಂತ ತಾರಸಿ ಕೋಣೆಯನ್ನು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಕೇಳಿಕೊಂಡು ಬಂದ ಕಾಲೇಜು ಹುಡುಗಿಯರಿಗೆ ರಿಪೇರಿ ಇದೆ ಅಂದಿದ್ದೆ. ಯಾವ ರಿಪೇರಿ ಅಂತ ಯಜಮಾನರು ಕೆಣಕಿದರೂ ಜಗ್ಗಿರಲಿಲ್ಲ.

ಅವಳಿಗೂ ಅದು ಗೊತ್ತಿತ್ತೋ ಏನೋ. "ಮ್ಯಾಲಿನ ಕೋಲಿ ಯಾರಿಗರೆ ಕೊಡ್ರಿ ಅಮ್ಮಾರ" ಅಂದಳು. "ಚಲೋ ಹುಡುಗಿ ನೋಡಿ ಕೊಡ್ರಿ."

ಹೂಂ ಅಂದೆ. ಫೋನಿಟ್ಟು, ಉಳಿದ ಹಿಟ್ಟನ್ನೆಲ್ಲ ಸಂಡಿಗೆ ಇಟ್ಟು ಮುಗಿಸಿ, ಕೈ ತೊಳೆದುಕೊಂಡೆ. ಆಮೇಲೆ ಕೆಳಗಿನಿಂದ ಪೊರಕೆ, ಬಕೆಟ್ಟು, ಫಿನಾಯಿಲು ತಂದು, ಕೋಣೆಯ ಬೀಗ ತೆಗೆದು ಕಿಟಕಿಗಳನ್ನೆಲ್ಲ ತೆರೆದೆ. ಮೂಲೆಯ ಜೇಡರ ಬಲೆಯಿಂದ ಶುರು ಮಾಡಿದೆ.