ಆಂಟಿ ಮನೆಯಲ್ಲಿ ಕೇಳದ ಪ್ರಶ್ನೆ

ಕಳೆದ ಭಾನುವಾರ ಇಲ್ಲಿ ಅಮೆರಿಕದ ಐಸೆಲಿನ್ ಊರಿನ ನಮ್ಮವರ ಹೋಟೆಲೊಂದರಲ್ಲಿ ಪಕ್ಕದ ಮೇಜಿನವರು ಆಲೂಗಡ್ಡೆ ಬಜ್ಜಿಯ ಮೇಲೆ ವಿನೆಗರ್ ಸುರಿದುಕೊಂಡರು. ಬಿಸಿ ಎಣ್ಣೆಯ ಜೊತೆ ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎತ್ತಿದ ಚಹಾ ಲೋಟ ಕೈಯಲ್ಲೇ ಉಳಿಯಿತು. ಬಜ್ಜಿಗೆ ವಿನೆಗರ್ ಹಾಕಿಕೊಂಡು ತಿನ್ನುವವರನ್ನು ನಾನು ಅದಕ್ಕೆ ಮುಂಚೆ ಒಬ್ಬರನ್ನೇ ಕಂಡಿದ್ದೆ. ಹಿಲ್ಸ್‌ಬರೋದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ...

ಅವರು ಕಾರ್ಕಳದ ಕಡೆಯವರು. ಮದುವೆಯಾಗಿ ಇಂಗ್ಲೆಂಡಿನ ಒಂದು ಗಿರಣಿ ಊರಿಗೆ ಹೋಗಿ, ಗಂಡನ ಜೊತೆ ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದು, ಗಂಡ ತೀರಿಕೊಂಡ ಮೇಲೆ ಇಲ್ಲಿ ಮಗಳ ಮನೆಗೆ ಬಂದಿದ್ದರು. ನಾನಾಗ ಮ್ಯಾನ್‌ಹಟನ್ನಿನ ಕೆಲಸ ಕಳೆದುಕೊಂಡಿದ್ದೆ. ಬ್ಯಾಂಕುಗಳು ಮುಳುಗಿದ ಆ ಕಾಲದಲ್ಲಿ ನಮ್ಮ ರಸ್ತೆಯಲ್ಲಿ ಹಗಲು ಹೊತ್ತು ಮನೆಯಲ್ಲೇ ಇರುವವರು ಇದ್ದಕ್ಕಿದ್ದಂತೆ ಜಾಸ್ತಿಯಾಗಿದ್ದರು, ಆದರೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆಂಟಿ ಮಾತ್ರ ಬಂದು ಬಾಗಿಲು ತಟ್ಟುತ್ತಿದ್ದರು.

"ಎಂತ ಮಾರಾಯ್ತಿ, ಒಳಗೆ ಕೂತ್ರೆ ಕೆಲಸ ಬರ್ತದಾ? ಮಗುವನ್ನು ಸ್ಟ್ರೋಲರಿಗೆ ಹಾಕು, ವಾಕ್ ಹೋಗುವ."

ಬಾಗಿಲು ತಟ್ಟುವುದು ಅವರಿಗೆ ಹೊಸದಲ್ಲ. ಇಂಗ್ಲೆಂಡಿನಲ್ಲಿ ಪ್ರತಿ ಚುನಾವಣೆಗೂ ಕೋಟಿಗೆ ಕೆಂಪು ರಿಬ್ಬನ್ನಿನ ಹೂವು ಚುಚ್ಚಿಕೊಂಡು, ಕಾರ್ಮಿಕರ ಯೂನಿಯನ್ನಿನವರ ಪಕ್ಷಕ್ಕೆ ಮನೆಮನೆಯಲ್ಲೂ ಓಟು ಕೇಳಿದವರು. ಎದುರು ಪಕ್ಷದ ಬಣ್ಣ ನೀಲಿ. ಅಮೆರಿಕದಲ್ಲಿ ಈ ಬಣ್ಣಗಳು ತಿರುವುಮುರುವು ಎಂದು ನಾನು ಹೇಳಿದಾಗ, "ಇವರಿಗೆ ರಸ್ತೆಯೂ ಉಲ್ಟಾ, ಬಣ್ಣವೂ ಉಲ್ಟಾ," ಎಂದು ಮೂಗು ಮುರಿದಿದ್ದರು.

ಮನೆ ನೋಡಿಯೇ ಅಲ್ಲಿಯ ಓಟು ಯಾರಿಗೆಂದು ಹೇಳುವುದು ಅವರ ಹೆಮ್ಮೆ. ಅಲ್ಲಿ ಸರಕಾರದ ಬಾಡಿಗೆ ಮನೆಗಳ ಬಾಗಿಲೆಲ್ಲ ಒಂದೇ ಬಣ್ಣವಂತೆ. ಬಾಡಿಗೆಗಿದ್ದವನು ಅದೇ ಮನೆಯನ್ನು ಕೊಂಡುಕೊಂಡರೆ ಮೊದಲು ಮಾಡುವ ಕೆಲಸ ಬಾಗಿಲಿಗೆ ಬೇರೆ ಬಣ್ಣ ಬಳಿಯುವುದು. ಬಾಗಿಲು ಬದಲಾದ ಮನೆಯ ಓಟೂ ಮುಂದಿನ ಸಲಕ್ಕೆ ಬದಲಾಗುತ್ತದೆ ಎನ್ನುತ್ತಿದ್ದರು. ಕಾರ್ಖಾನೆಯವನು ಕೆಂಪು, ಅವನ ಮ್ಯಾನೇಜರು ನೀಲಿ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಮುದುಕಿಯರು ಹೆಚ್ಚಾಗಿ ನೀಲಿ, ಚಿಕ್ಕ ವಯಸ್ಸಿನವರು ಯಾರಿಗೂ ಹಾಕದೆ ಮಲಗಿರುತ್ತಾರೆ. ನಮ್ಮವರು ಕೈಯಲ್ಲಿ ನಾಲ್ಕು ಕಾಸಾದ ಮೇಲೂ ಬಹಳ ಕಾಲ ಕೆಂಪಿಗೇ ಹಾಕಿದರು; ಬಂದ ಹೊಸದರಲ್ಲಿ ಯಾರು ಬನ್ನಿ ಎಂದರು, ಯಾರು ಮುಖ ತಿರುಗಿಸಿದರು ಎಂಬುದನ್ನು ಅವರು ಮರೆತಿರಲಿಲ್ಲ. ಅವರ ಮಕ್ಕಳ ಕಾಲಕ್ಕೆ ಅದೂ ಸಡಿಲವಾಯಿತು. ಇಷ್ಟನ್ನೆಲ್ಲ ಆಂಟಿ ನಡೆಯುತ್ತ, ಏದುಸಿರಿನ ನಡುವೆ, ನನಗೆ ಬೇಕೋ ಬೇಡವೋ ನೋಡದೆ ಹೇಳಿದವರು. ಎಷ್ಟೋ ದಿನ ನನಗೆ ಬೇಡವಾಗಿತ್ತು. ಈಗ ಅದರಲ್ಲಿ ಅರ್ಧವಾದರೂ ನೆನಪಿದೆಯಲ್ಲ ಎಂದು ಸಮಾಧಾನ.

ಊರಿಗೆಲ್ಲ ಓಟು ಕೇಳಿದ ಆಂಟಿಯ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಯಾರಿಗೆ ಹಾಕಿದೆ ಎಂದು ಒಬ್ಬರನ್ನೊಬ್ಬರು ಕೇಳುವಂತಿಲ್ಲ. ಊರಲ್ಲಿ ಮಾವನವರು ಚುನಾವಣೆಯ ದಿನ ಜಗಲಿಯಲ್ಲಿ ಕೂತು, ಸೊಸೆಯಂದಿರಿಗೆಲ್ಲ ಯಾವ ಗುರುತಿಗೆ ಒತ್ತಬೇಕೆಂದು ಹೇಳಿ ಕಳಿಸುತ್ತಿದ್ದರಂತೆ. ಇಂಗ್ಲೆಂಡಿನಲ್ಲಿ ಮೊದಲ ಓಟು ಹಾಕಿ ಬಂದ ದಿನ ಗಂಡ ಹೇಳಿದ್ದರಂತೆ, ಈ ಮನೆಯಲ್ಲಿ ಹಾಗಿಲ್ಲ, ನಿನ್ನದು ನಿನಗೆ, ನನ್ನದು ನನಗೆ ಎಂದು. ಅದನ್ನು ಹೇಳುವಾಗ ಆಂಟಿಯ ಮುಖ ಅರಳುತ್ತಿತ್ತು. ಗಂಡ ಕೊಟ್ಟ ಒಡವೆಯ ಸುದ್ದಿ ಹೇಳುವವರ ಹಾಗೆ.

ಎರಡು ಸಾವಿರದ ಹತ್ತರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಚುನಾವಣೆ ಬಂತು. ಆಂಟಿಗೆ ಅಲ್ಲಿಯ ಓಟು ಇನ್ನೂ ಇತ್ತು. ಹೊರದೇಶದಲ್ಲಿರುವವರು ತಮ್ಮ ಪರವಾಗಿ ಇನ್ನೊಬ್ಬರಿಂದ ಓಟು ಹಾಕಿಸಬಹುದು. ಆಂಟಿ ತಾವಿದ್ದ ಆ ಗಿರಣಿ ಊರಿನಲ್ಲೇ ಔಷಧಿ ಅಂಗಡಿ ಇಟ್ಟಿದ್ದ ಮಗನಿಗೆ ಒಪ್ಪಿಸಿ, ಕೆಂಪಿಗೆ ಹಾಕು ಎಂದು ಫೋನಿನಲ್ಲಿ ಹೇಳಿದರು. ಅವರ ಕ್ಷೇತ್ರದಲ್ಲಿ ಕೆಂಪಿನವರೇ ಗೆದ್ದರು. ನಾನು ಖುಷಿಯಿಂದ ಹೇಳಲು ಹೋದರೆ ಆಂಟಿ ಮನೆ ಮುಂದಿನ ಡ್ರೈವ್‌ವೇಯಲ್ಲಿ ಸಪ್ಪೆ ಮುಖ ಹಾಕಿಕೊಂಡು ನಿಂತಿದ್ದರು.

"ಸ್ವಂತ ಮನೆ, ಸ್ವಂತ ಅಂಗಡಿ. ಕೈಕೆಳಗೆ ಕೆಲಸದವರು. ಮಕ್ಕಳು ದೊಡ್ಡ ಫೀಸಿನ ಶಾಲೆಗೆ," ಎಂದರು. "ಇಂಥ ಮನೆಯ ಬಾಗಿಲು ನಾನು ತಟ್ಟುದೇ ಇಲ್ಲ ಮಾರಾಯ್ತಿ. ಅದು ನೀಲಿ ಮನೆ."

ಮಗನ ಮನೆಯ ಮಾತು ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಅವನದ್ದು ಯಾರಿಗಾದ್ರೂ ಹಾಕ್ಲಿ. ನನ್ನದನ್ನು ನಾನು ಹೇಳಿದವರಿಗೆ ಹಾಕಿದ್ನಾ..."

"ಕೇಳ್ಬಿಡಿ ಆಂಟಿ. ನಿಮ್ಮ ಓಟು ತಾನೇ?"

"ನಮ್ಮ ಮನೆಯಲ್ಲಿ ಕೇಳುದಿಲ್ಲ."

ಮಗ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದ. ಮೊಮ್ಮಕ್ಕಳ ಪರೀಕ್ಷೆ, ಅಲ್ಲಿಯ ಮಳೆ, ಮಂಡಿನೋವು ಎಲ್ಲ ಮಾತಿಗೆ ಬರುತ್ತಿತ್ತು. ಅದೊಂದು ಬರುತ್ತಿರಲಿಲ್ಲ. ಆ ಬೇಸಿಗೆಯಲ್ಲೂ ನಾವು ವಾಕ್ ಹೋದೆವು, ಆದರೆ ಆಂಟಿ ಮನೆಗಳತ್ತ ನೋಡುವುದನ್ನು ಬಿಟ್ಟಿದ್ದರು. ತನ್ನ ಲೆಕ್ಕ ತಪ್ಪಿದ್ದರೆ ಸಾಕು ಎಂದು ಅವರು ಬಯಸುತ್ತಿದ್ದರು ಅನಿಸುತ್ತದೆ. ಇಷ್ಟು ವರ್ಷದಲ್ಲಿ ಲೆಕ್ಕ ತಪ್ಪಿದ್ದೇ ಕಡಿಮೆ, ಅದೇ ಅವರನ್ನು ತಿಂದದ್ದು...

ಆ ಚಳಿಗಾಲದಲ್ಲಿ ಆಂಟಿ ಹೋಗಿಬಿಟ್ಟರು. ಆಸ್ಪತ್ರೆಗೆ ಸೇರಿಸಿದ ಮರುದಿನವೇ. ಮಗ ಇಂಗ್ಲೆಂಡಿನಿಂದ ಬಂದು ಕ್ರಿಯೆ ಮುಗಿಸಿದ. ಹೊರಡುವ ಮುಂಚೆ ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತ. ಅಮ್ಮ ಫೋನಿನಲ್ಲಿ ನಿಮ್ಮ ಸುದ್ದಿ ಹೇಳುತ್ತಿದ್ದರು ಎಂದ. ಚಹಾ ಕುಡಿಯುತ್ತ ತಾನಾಗಿಯೇ ಓಟಿನ ಮಾತು ತೆಗೆದ.

"ನಂಗೆ ಕನ್ನಡ ಸರಿ ಬರುದಿಲ್ಲ. ಎರಡು ಬ್ಯಾಲೆಟ್ ಪೇಪರ್ ಕೊಟ್ರು, ಅಮ್ಮನದ್ದು, ನಂದು. ಅಮ್ಮನದ್ದು ಫಸ್ಟ್ ಹಾಕಿದೆ, ರೆಡ್. ಆಮೇಲೆ ನಂದು, ಬ್ಲೂ." ನಗಲು ನೋಡಿದ, ಆಗಲಿಲ್ಲ. "ಪ್ರತಿ ಸಂಡೇ ಅಮ್ಮ ಕೇಳ್ತಾರೆ ಅಂತ ಕಾದೆ. ಕೇಳ್ಲೇ ಇಲ್ಲ. ಅಷ್ಟು ಟ್ರಸ್ಟ್ ಇತ್ತು ಅವ್ರಿಗೆ ನನ್ನ ಮೇಲೆ. ಅಲ್ವಾ?"

ನಾನು ಹೌದು ಎಂದೆ. ಅವನು ಹೋದ ಮೇಲೆ ಸಿಂಕಿನ ಮುಂದೆ ನಿಂತು ಅತ್ತೆ.

ಐಸೆಲಿನ್ನಿನ ಆ ಹೋಟೆಲಿನಲ್ಲಿ ನನ್ನ ಎದುರು ಮಗಳು ಕೂತಿದ್ದಳು. ಆಗ ಸ್ಟ್ರೋಲರಿನಲ್ಲಿದ್ದವಳು ಈ ತಿಂಗಳು ಮೊದಲ ಸಲ ಓಟು ಹಾಕಿದ್ದಾಳೆ. ಚಹಾ ಆರಿಹೋಗಿತ್ತು. ನಾನು ಲೋಟ ಕೆಳಗಿಟ್ಟು, ಯಾರಿಗೆ ಹಾಕಿದೆ ಎಂದು ಕೇಳಿದೆ.

"ಅಮ್ಮಾ, ದಟ್ಸ್ ಪ್ರೈವೇಟ್!" ಎಂದು ಹುಬ್ಬು ಗಂಟಿಕ್ಕಿದಳು.

ಕೋಪ ಮಾಡಿಕೊಳ್ಳಲಿ. ಆಂಟಿ ಒಂದು ಭಾನುವಾರ ಕೇಳಿಬಿಟ್ಟಿದ್ದರೆ ಅವರ ಮಗನೂ ಬೇಸರಪಡುತ್ತಿದ್ದನೇನೋ, ಆದರೆ ಹೇಳುತ್ತಿದ್ದ. ಆ ಉತ್ತರ ಅವರ ಕಿವಿಗೆ ಬೀಳಬೇಕಿತ್ತು. ನನ್ನ ಕಿವಿಗೆ ಬಿತ್ತು.