ಗೋಲ್‌ಕೀಪರ್ ಬೇರ್ಡ್ ಬರೆಸಿದ ಕಾಗದ

ಲಂಡನ್ನಿನ ಅಂಚಿನ ಇಲ್ಫರ್ಡಿನ ವೃದ್ಧಾಶ್ರಮವೊಂದರಲ್ಲಿ ಡಂಕನ್ ಬೇರ್ಡ್ ಎಂಬ ಸ್ಕಾಟ್ಲೆಂಡಿನ ಮುದುಕನನ್ನು ನೋಡಿಕೊಳ್ಳುವ ಕೆಲಸ ಐರೀನ್‌ಗೆ ಬಂದದ್ದು ೧೯೯೬ರಲ್ಲಿ. ಕರಾವಳಿಯ ಶಿರ್ವದ ಕಡೆಯ ಐರೀನ್, ಗಂಡ ಸ್ಟ್ಯಾನ್ಲಿಯೊಂದಿಗೆ ಲಂಡನ್ನಿಗೆ ಬಂದು ಆಗ ಒಂಬತ್ತು ವರ್ಷ. ಬೇರ್ಡ್‌ಗೆ ಎಂಬತ್ತೆಂಟು, ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಕೈ ಮಾತ್ರ ಮೊರದಗಲ, ಬೆರಳೊಂದೊಂದೂ ಒಂದೊಂದು ದಿಕ್ಕಿಗೆ ಸೊಟ್ಟ. ಉಗುರು ಕತ್ತರಿಸುವಾಗ ಅವಳು ಕೇಳಿದಳು, "ಮಿಸ್ಟರ್ ಬೇರ್ಡ್, ಈ ಬೆರಳಿಗೆಲ್ಲ ಏನಾಯ್ತು?"

"ಚೆಂಡು," ಎಂದ ಮುದುಕ. "ಗೋಲ್‌ಕೀಪರ್ ಆಗಿದ್ದೆ ನಾನು."

ಆ ಚಳಿಗಾಲದ ಬೆಳಗುಗಳಲ್ಲಿ ಅಂಗಿ ತೊಡಿಸಿಕೊಳ್ಳುತ್ತ ಅವನು ಮಿಕ್ಕದ್ದನ್ನೆಲ್ಲ ಹೇಳಿದ. ಹದಿನಾಲ್ಕಕ್ಕೆ ಕಲ್ಲಿದ್ದಲ ಗಣಿಗೆ ಇಳಿದವನನ್ನು ಹತ್ತೊಂಬತ್ತಕ್ಕೆ ಫುಟ್‌ಬಾಲ್ ಮೇಲಕ್ಕೆ ಎಳೆದುಕೊಂಡಿತು. ಮುಂದೆ ನುಗ್ಗಿ ಎದುರಾಳಿಯ ಕಾಲಬುಡದಿಂದಲೇ ಚೆಂಡು ಬಾಚಿಕೊಳ್ಳುವುದು ಅವನ ವರಸೆ. ದೇಶದ ತಂಡಕ್ಕೆ ಇನ್ನು ಇವನೇ ಎನ್ನುತ್ತಿದ್ದರು ಜನ. ೧೯೩೩ರ ಜನವರಿಯಲ್ಲಿ ಹಾಗೆಯೇ ನುಗ್ಗಿದ. ಚೆಂಡು ಕೈಗೆ ಸಿಕ್ಕಿತು. ಮೊಣಕಾಲು ಎದುರು ತಂಡದ ವಿಲ್ಲೀ ಟೆನಂಟ್‌ನ ಹೊಟ್ಟೆಗೆ ಬಡಿಯಿತು. ಇಪ್ಪತ್ತು ವರ್ಷದ ವಿಲ್ಲೀ ಎದ್ದು ನಿಂತು, ನಕ್ಕು, ಆಟ ಮುಗಿಯುವ ತನಕ ಆಡಿದ. ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ.

ಯಾರದೂ ತಪ್ಪಿಲ್ಲ ಎಂದಿತು ವಿಚಾರಣೆ. ಆದರೆ ಬೇರ್ಡ್‌ನ ಕಾಲುಗಳು ಗೋಲಿನ ಗೆರೆಗೆ ಅಂಟಿಕೊಂಡುಬಿಟ್ಟವು. ಮುಂದೆ ಬಂದರೆ ಜನ "ಕೊಲೆಗಾರ" ಎಂದು ಕೂಗುತ್ತಿದ್ದರು. ಬಾರದಿದ್ದರೆ ಎದುರಾಳಿಗಳು ನಡೆದುಕೊಂಡೇ ಬಂದು ಗೋಲು ಹಾಕಿ ಹೋಗುತ್ತಿದ್ದರು. ಒಂದೇ ಶನಿವಾರ ಒಂಬತ್ತು ಗೋಲು. ಎರಡು ವರ್ಷದಲ್ಲಿ ಕ್ಲಬ್ಬು ಕೈಬಿಟ್ಟಿತು. ಲಂಡನ್ನಿಗೆ ಬಂದು ಕಾರು ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ದುಡಿದ. ಜೊತೆಗೆ ಬಾಳಿ ತೀರಿಹೋದ ಹೆಂಡತಿಗೂ ವಿಲ್ಲೀಯ ಹೆಸರು ಹೇಳಿರಲಿಲ್ಲ.

"ಅವರ ಮನೆಗೆ ಹೋಗಲಿಲ್ವಾ?" ಐರೀನ್ ಕೇಳಿದಳು.

"ಬಾಗಿಲ ತನಕ ಹೋದೆ. ಒಳಗೆ ಅವನ ತಾಯಿ ಕೆಮ್ಮಿದ್ದು ಕೇಳಿಸಿತು. ವಾಪಸ್ ಬಂದೆ."

ವಾರವಾರ ಇಗರ್ಜಿಗೆ ಹೋಗುವ ಐರೀನ್‌ಗೆ ಹೇಳಿಕೊಂಡರೆ ಭಾರ ಇಳಿಯುತ್ತದೆಂಬ ನಂಬಿಕೆ. "ಕಾಗದ ಬರೆಯುವ, ನೀವು ಹೇಳಿ. ಆ ಊರಿನ ಚರ್ಚಿಗೆ ಕಳಿಸಿದ್ರೆ ಮನೆಯವರಿಗೆ ಮುಟ್ಟಿಸ್ತಾರೆ," ಎಂದಳು. ಅವನು ಬೇಡವೆಂದ. ಅವಳು ಬಿಡಲಿಲ್ಲ. ಕೊನೆಗೆ ಒಪ್ಪಿ ಆರು ಸಾಲು ಬರೆಸಿದ.

"ನಿನಗೆ ಎಂತಕ್ಕೆ ಬೇಕಿತ್ತು ಮಾರಾಯ್ತಿ?" ಎಂದ ಸ್ಟ್ಯಾನ್ಲಿ, ವಿಷಯ ತಿಳಿದು.

ಐದು ವಾರಕ್ಕೆ ಉತ್ತರ ಬಂತು. ವಿಲ್ಲೀಯ ತಂಗಿ ಜೆಸ್ಸಿ ಬರೆದದ್ದು. ಕಿಟಕಿಯ ಬಳಿ ಕೂತು ಐರೀನ್ ಮೊದಲು ಮನಸ್ಸಿನಲ್ಲೇ ಓದಿಕೊಂಡಳು. "ನಿಮ್ಮ ಕಾಗದ ನೋಡಿ ಸಂತೋಷವಾಯಿತು ಅಂತ ಬರೆದಿದ್ದಾರೆ..." ಎಂದು ಶುರು ಮಾಡಿದಳು.

"ಐರೀನ್, ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ಇದ್ದದ್ದು ಓದು."

ಓದಿದಳು: "ಆಗ ನನಗೆ ಹನ್ನೆರಡು ವರ್ಷ. ನೀವು ಬೇಕೆಂದು ಮಾಡಲಿಲ್ಲವೆಂದು ಅಮ್ಮನಿಗೆ ಗೊತ್ತಿತ್ತು. ನೀವು ಬಂದೇ ಬರುತ್ತೀರಿ, ಬಂದರೆ ಊಟ ಹಾಕದೆ ಕಳಿಸಬಾರದು ಎನ್ನುತ್ತಿದ್ದಳು. ಇಪ್ಪತ್ತೆಂಟು ವರ್ಷ ಹಾಗೆ ಎನ್ನುತ್ತಲೇ ಸತ್ತಳು. ಕ್ಷಮಿಸಬೇಕಾದವಳು ಅವಳು. ಅವಳ ಪರವಾಗಿ ಕೊಡಲು ನನ್ನ ಬಳಿ ಏನೂ ಇಲ್ಲ. ಇನ್ನು ಬರೆಯಬೇಡಿ."

"ಊಟ ಹಾಕುತ್ತಿದ್ದಳಂತೆ," ಎಂದ ಬೇರ್ಡ್.

ಅಂದಿನಿಂದ ಚಮಚ ಬಾಯಿಯ ಬಳಿ ತಂದರೆ ಮುಖ ತಿರುಗಿಸತೊಡಗಿದ. ಜಿಪಿ ಡಾಕ್ಟರು ಬಂದು ನೋಡಿ, ವಯಸ್ಸಾಯಿತಲ್ಲ ಎಂದು ಹೇಳಿ ಹೋದರು. "ನಾನು ಬರೆಸಬಾರದಿತ್ತು," ಎಂದು ಐರೀನ್ ಅತ್ತಳು. ಆ ಸೊಟ್ಟ ಬೆರಳುಗಳು ಅವಳ ಮಣಿಕಟ್ಟು ಹುಡುಕಿ ಹಿಡಿದವು. "ತಡ ಮಾಡಿದ್ದು ನಾನು, ನೀನಲ್ಲ."

ಮಾರ್ಚಿನಲ್ಲಿ ಸತ್ತ. ಅಂತ್ಯಸಂಸ್ಕಾರಕ್ಕೆ ಬಂದವರು ಮೂವರು: ಆಶ್ರಮದ ಮ್ಯಾನೇಜರ್, ಐರೀನ್, ಸ್ಟ್ಯಾನ್ಲಿ. ಪಾದ್ರಿ ಕಾರ್ಖಾನೆಯ ನಿಷ್ಠಾವಂತ ಕೆಲಸಗಾರನ ಬಗ್ಗೆ ನಾಲ್ಕು ಮಾತಾಡಿದರು. ಫುಟ್‌ಬಾಲಿನ ಸುದ್ದಿ ಅವರಿಗೆ ಯಾರೂ ಹೇಳಿರಲಿಲ್ಲ.

ಮರಳುವ ಬಸ್ಸಿನಲ್ಲಿ ಸ್ಟ್ಯಾನ್ಲಿ ಕೇಳಿದ, "ಅವರು ಒಳ್ಳೆ ಆಡ್ತಿದ್ರಾ?"

"ಒಳ್ಳೆ ಆಡ್ತಿದ್ರು," ಎಂದಳು ಐರೀನ್. "ಹಾಗೆ ಆಡದೆ ಇದ್ದಿದ್ರೆ ಆ ಹುಡುಗ ಒಂದು ಗೋಲು ಹಾಕಿ ಮನೆಗೆ ಹೋಗ್ತಿದ್ದ."