ಚಳಿಗಾಲ ಕಾಣದ ಸೇಬಿನ ಮರ

ಅಡಿಲೇಡಿನ ಗುಡ್ಡದ ಬುಡದಲ್ಲಿದ್ದ ನಮ್ಮ ಬಾಡಿಗೆ ಮನೆಯ ಹಿತ್ತಿಲಲ್ಲಿ ಒಂದು ಹಳೆಯ ಸೇಬಿನ ಮರವಿತ್ತು. ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿ ಕೂತರೂ ಜಗ್ಗದ ಜಾತಿ. ಹಣ್ಣು ಮಾತ್ರ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಅಲ್ಲಿ ಮಾರ್ಚ್ ಅಂದರೆ ಸೇಬಿನ ಕಾಲ, ನಮಗೆ ಯುಗಾದಿ. ಮಾವಿನಕಾಯಿ ಸಿಗದ ಊರಿನಲ್ಲಿ ನನ್ನ ಹೆಂಡತಿ ಆ ಸೇಬನ್ನೇ ತುರಿದು ಚಿತ್ರಾನ್ನ ಮಾಡಿದಳು. ಅದಕ್ಕೂ ಮೊದಲು ಪರ್ತ್‌ನಲ್ಲಿ ನಾಲ್ಕು ಯುಗಾದಿಯನ್ನು ನಿಂಬೆಹಣ್ಣಿನಲ್ಲಿ ಕಳೆದಿದ್ದವಳು, ಅವತ್ತು ಊಟಕ್ಕೆ ಕೂತು, "ಈಗ ಹಬ್ಬ ಅನ್ನಿಸ್ತು ನೋಡಿ" ಅಂದಳು. ಮೂರು ವರ್ಷ ಅವಳು ಆ ಊರಿನಲ್ಲಿ ಸುಖವಾಗಿದ್ದಳು.

ಆಮೇಲೆ ನನ್ನ ಪ್ರಾಜೆಕ್ಟ್ ಮುಗಿಯಿತು. ಕೆಲಸ ಸಿಕ್ಕಿದ್ದು ಬ್ರಿಸ್ಬೇನಿನಲ್ಲಿ. ಅವಳು ಲ್ಯಾಬಿನ ಕಾಯಂ ನೌಕರಿ ಬಿಟ್ಟು, ಒಂದೇ ಒಂದು ಮಾತು ಹೇಳಿ ಹೊರಟಳು: "ಆ ಜಾತಿ ಗಿಡ ಒಂದು ಹಾಕಿಕೊಡಿ. ಅದು ಅಲ್ಲಿ ಬದುಕಿದ್ರೆ ನಾನೂ ಬದುಕ್ತೀನಿ." ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ದಕ್ಷಿಣದ ಒಂದು ನರ್ಸರಿಯಿಂದ ಸಸಿ ತರಿಸಿದೆ. ಅಷ್ಟು ಚಳಿ ತಡೆಯುವ ಗಿಡ ಏನನ್ನು ತಾನೆ ತಡೆಯುವುದಿಲ್ಲ ಎಂಬುದು ನನ್ನ ಇಂಜಿನಿಯರ್ ಬುದ್ಧಿಯ ಲೆಕ್ಕಾಚಾರ. ಎರಡನೇ ವರ್ಷವೂ ಹೂವಿನ ಸುಳಿವಿಲ್ಲದಾಗ ಆಫೀಸಿನಿಂದ ನರ್ಸರಿಗೆ ಫೋನ್ ಮಾಡಿದೆ. ಆ ಕಡೆಯವನು ನಾನಿರುವ ಊರು ಯಾವುದೆಂದು ಕೇಳಿದ. ಈ ಜಾತಿ ಚಳಿ ತಡೆಯುವುದಷ್ಟೇ ಅಲ್ಲ ಮೇಟ್, ಅದಕ್ಕೆ ಚಳಿ ಬೇಕು, ವಾರಗಟ್ಟಲೆ ಬೇಕು, ಇಲ್ಲದಿದ್ದರೆ ಅದು ನಿದ್ದೆಗೇ ಹೋಗುವುದಿಲ್ಲ, ನಿದ್ದೆ ಮಾಡದ ಮರ ಹೂ ಬಿಡುವುದಿಲ್ಲ ಎಂದ. ಎಲೆ ಬೇಕಾದಷ್ಟು ಕೊಡುತ್ತದಂತೆ.

ಇದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಅವಳು ಅಡಿಲೇಡಿಗೆ ವಾಪಸ್ ಹೋಗೋಣ ಅನ್ನುತ್ತಾಳೆ ಎಂಬ ಭಯ. ಮೂರು ಊರಿನಲ್ಲಿ ಮನೆ ಹೂಡಿ ನನಗೆ ಸಾಕಾಗಿ ಹೋಗಿತ್ತು. ಇನ್ನೊಂದು ಸಲ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ತುಂಬುವ ಶಕ್ತಿ ಇರಲಿಲ್ಲ. ತೆಪ್ಪಗಿದ್ದೆ.

ಅವಳು ತೆಪ್ಪಗಿರಲಿಲ್ಲ. ಫ್ರೀಜರಿನ ಐಸನ್ನು ಸಂಜೆ ಸಂಜೆ ಬುಡಕ್ಕೆ ಸುರಿದಳು. ಸೆಖೆಯ ದೇಶಗಳಲ್ಲಿ ಎಲೆ ಕಿತ್ತು ಮರಕ್ಕೆ ಚಳಿಗಾಲ ಬಂತೆಂದು ನಂಬಿಸುತ್ತಾರೆ ಎಂದು ಯಾವುದೋ ವಿಡಿಯೊದಲ್ಲಿ ನೋಡಿ, ಇಲ್ಲಿ ಚಳಿಗಾಲ ಶುರುವಾಗುವ ಪ್ರತಿ ಜೂನ್‌ನಲ್ಲೂ ಸ್ಟೂಲು ಹತ್ತಿ ಒಂದೊಂದೇ ಎಲೆ ಕಿತ್ತಳು. ಕತ್ತು ಹಿಡಿದುಕೊಂಡು ಇಳಿಯುತ್ತಿದ್ದಳು. ನಾನು ಸ್ಟೂಲು ಹಿಡಿದು ನಿಂತಿರುತ್ತಿದ್ದೆ. ಯುಗಾದಿಗೆ ಇಂಡೂರೂಪಿಲ್ಲಿ ಬಡಾವಣೆಯ ಅಂಗಡಿಯಿಂದ ಹಸಿರು ಸೇಬು ತಂದುಕೊಟ್ಟರೆ ತುರಿದು ಬಾಯಿಗೆ ಹಾಕಿಕೊಂಡು, "ಸಪ್ಪೆ" ಎಂದು ಪಕ್ಕಕ್ಕಿಡುತ್ತಿದ್ದಳು. ಹೀಗೆ ನಾಲ್ಕು ವರ್ಷ.

ಹೋದ ವರ್ಷ ಒಂದು ಭಾನುವಾರ ಅವಳು ಹಾರ್ಡ್‌ವೇರ್ ಅಂಗಡಿಯಿಂದ ಕೊಡಲಿ ತಂದಳು. ಮೈಸೂರಿನಲ್ಲಿ ಅವಳ ಅಜ್ಜಿಯ ಹಿತ್ತಿಲಲ್ಲಿ ಕಾಯಿ ಬಿಡದ ಹಲಸಿನ ಮರವನ್ನು ಹೀಗೆ ಹೆದರಿಸುತ್ತಿದ್ದರಂತೆ. ಒಬ್ಬರು ಕೊಡಲಿ ಎತ್ತಿ "ಕಡಿದು ಹಾಕ್ತೀನಿ" ಅನ್ನಬೇಕು. ಇನ್ನೊಬ್ಬರು ಅಡ್ಡ ಬಂದು "ಬೇಡ, ಬರೋ ವರ್ಷ ಬಿಡುತ್ತೆ, ನಾನು ಜವಾಬ್ದಾರಿ" ಎಂದು ಮರದ ಪರವಾಗಿ ಮಾತು ಕೊಡಬೇಕು.

"ಮಮ್, ಇಟ್ಸ್ ಜಸ್ಟ್ ಎ ಟ್ರೀ" ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು.

"ನೀನು ಸುಮ್ನಿರು. ಅದಕ್ಕೂ ಕಿವಿ ಇರುತ್ತೆ" ಎಂದು ಹೆಂಡತಿ ಕೊಡಲಿ ಎತ್ತಿದಳು. "ಇಷ್ಟು ವರ್ಷ ಕಾದಿದ್ದೀನಿ. ಇವತ್ತು ಕಡಿದು ಹಾಕ್ತೀನಿ" ಎಂದು ನನ್ನ ಕಡೆ ನೋಡಿದಳು. ನನ್ನ ಸರದಿ.

ಇಷ್ಟು ವರ್ಷ ಸುಮ್ಮನಿದ್ದು ಮಾಡಿದ ಮೋಸವನ್ನು ಈಗ ಬಾಯಿಬಿಟ್ಟು, ಅದೂ ಜವಾಬ್ದಾರಿ ಹೊತ್ತು ಮಾಡಬೇಕಿತ್ತು.

"ಹೇಳ್ರೀ, ಕೈ ನೋಯ್ತಿದೆ" ಎಂದಳು.

"ಇದು ಇಲ್ಲಿ ಬಿಡಲ್ಲ ಕಣೇ. ಎರಡನೇ ವರ್ಷಾನೇ ನರ್ಸರಿಯವನು ಹೇಳಿದ್ದ. ನೀನು ವಾಪಸ್ ಹೋಗೋಣ ಅಂತೀಯ ಅಂತ ಹೇಳಲಿಲ್ಲ" ಎಂದೆ.

ಅವಳು ಕೊಡಲಿ ಇಳಿಸಿದಳು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಮೆಟ್ಟಿಲ ಮೇಲೆ ಕೂತು ಅಂಗೈ ನೋಡಿಕೊಂಡಳು.

"ನಾನು ಯಾಕ್ರೀ ವಾಪಸ್ ಅಂತಿದ್ದೆ? ನನಗೂ ಸಾಕಾಗಿತ್ತು" ಎಂದಳು. "ಆವತ್ತೇ ಹೇಳಿದ್ರೆ ಒಂದು ಮಾವಿನ ಗಿಡ ಹಾಕ್ತಿದ್ವಿ. ಇಲ್ಲಿ ಮಾವಿನ ಕಾಲವೇ ಬೇರೆ, ಯುಗಾದಿಗಲ್ಲದಿದ್ರೂ ಇಷ್ಟು ಹೊತ್ತಿಗೆ ದೀಪಾವಳಿಗೆ ಕಾಯಿ ಸಿಗ್ತಿತ್ತು."

ಈ ಜೂನ್‌ನಲ್ಲಿ ಅವಳು ಸ್ಟೂಲು ಹೊರಗೆ ತರಲಿಲ್ಲ. ಮರದ ತುಂಬ ಎಲೆ ಹಾಗೇ ಇದೆ.